ಹುಣಸೆಹಣ್ಣು ಹಚ್ಚಿದ ಬಂದೂಕು

ನಾಸಿಕದ ಪಂಚವಟಿಯ ಆ ಬಾಡಿಗೆ ಮನೆಯಲ್ಲಿ ಉಕ್ಕಿನ ಕಪಾಟು ಒಂದೇ ಇತ್ತು. ಅದರಲ್ಲಿ ವಸಂತಿಯ ಸೀರೆಗಳಿರಲಿಲ್ಲ, ತವರಿನವರು ಕೊಟ್ಟ ಬೆಳ್ಳಿಯ ಬಟ್ಟಲೂ ಇರಲಿಲ್ಲ. ಅದರೊಳಗೆ ಅವಳ ಗಂಡ ಮಧುಕರ ದೇಸಾಯಿಯ ಬಂದೂಕು ಮಲಗಿರುತ್ತಿತ್ತು. ಸೀರೆಗಳು ಮಂಚದ ಕೆಳಗೆ ಟ್ರಂಕಿನಲ್ಲಿ. ಬಂದೂಕಿಗೆ ಕಪಾಟು, ಹೆಂಡತಿಗೆ ಟ್ರಂಕು, ಅಂಥ ಸಂಸಾರ ಅದು!

ಮಧುಕರ ರೋಣದ ಕಡೆಯವನು. ಬ್ಯಾಂಕಿನ ಹೆಡ್ ಕ್ಯಾಶಿಯರ್ ಆಗಿ ವರ್ಗವಾಗಿ ನಾಸಿಕಕ್ಕೆ ಬಂದವನು. ದೇಸಗತಿ ಹೋಗಿ, ಹೊಲಗಳು ಉಳುವವರ ಪಾಲಾಗಿ, ಕೊನೆಗೆ ಊರಿನ ದೊಡ್ಡ ವಾಡೆಮನೆಯಿಂದ ಅವನ ಪಾಲಿಗೆ ಬಂದದ್ದು ಈ ಜೋಡುನಳಿಗೆಯ ರೈಫಲ್ಲು ಮಾತ್ರ. ಅಜ್ಜ ವಿಲಾಯತಿಯಿಂದ ತರಿಸಿದ್ದು. ನಳಿಗೆಯ ಮೇಲೆ ಬಳ್ಳಿಯ ಚಿತ್ತಾರ, ಅದರ ನಡುವೆ ಸಣ್ಣ ಬೆಳ್ಳಿ ಅಕ್ಷರಗಳಲ್ಲಿ ಅಜ್ಜನ ಹೆಸರು. ಅಂಥದ್ದು ಈಗ ಹುಡುಕಿದರೂ ಸಿಗದು.

ಅಪ್ಪ ಗೋವಿಂದರಾಯರು ಬದುಕಿರುವ ತನಕ ಅದನ್ನು ಮಗನಿಗೆ ಮುಟ್ಟಗೊಡಲಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಮಧುಕರ ಒಮ್ಮೆ ಧೈರ್ಯ ಮಾಡಿ ಎತ್ತಿಕೊಂಡಿದ್ದ. ಕೈ ಗಡಗಡ ನಡುಗಿತು. ಅಂಗಳದಲ್ಲಿ ಆಳುಗಳು ನೋಡುತ್ತಿದ್ದರು. ಗೋವಿಂದರಾಯರು ಬಂದು ಕಸಿದುಕೊಂಡು, "ಇದು ನಿನ್ನ ಕೈಗೆ ಒಗ್ಗೂದಲ್ಲೋ. ನೀ ಪೆನ್ನ ಹಿಡಿ," ಎಂದು ನಕ್ಕರು. ಬೈದಿದ್ದರೆ ಮರೆಯಬಹುದಿತ್ತು. ನಕ್ಕುಬಿಟ್ಟರು! ಆಳುಗಳೂ ನಕ್ಕರು. ಆ ನಗು ಮಧುಕರನ ಹೊಟ್ಟೆಯೊಳಗೆ ಹೋಗಿ ಕುಳಿತುಬಿಟ್ಟಿತು. ಒಮ್ಮೆಯಾದರೂ ಆ ಬಂದೂಕು ಹಾರಿಸಿ ಅಪ್ಪನ ಮಾತನ್ನು ಸುಳ್ಳು ಮಾಡಬೇಕು, ಅದೊಂದೇ ಅವನ ಹಟ.

ಅಪ್ಪ ತೀರಿಕೊಂಡರು. ಎಂಬತ್ತನಾಲ್ಕನೆಯ ಇಸವಿಯಲ್ಲಿ ಲೈಸೆನ್ಸು ಮಗನ ಹೆಸರಿಗಾಯಿತು, ಬಂದೂಕು ನಾಸಿಕಕ್ಕೆ ಬಂತು. ಇನ್ನೇನು, ಹಾರಿಸಬೇಕಷ್ಟೆ. ಹಾರಿಸಿದನೇ? ಎಲ್ಲಿಯ ಮಾತು! ಕಂಡಕಂಡವರ ಸಲಹೆ ಕೇಳುತ್ತ ಕುಳಿತ.

ನಿಫಾಡದ ದ್ರಾಕ್ಷಿ ತೋಟದ ತುಕಾರಾಮ ಬ್ಯಾಂಕಿಗೆ ಬಂದಾಗಲೆಲ್ಲ, "ಸಾಹೇಬ್, ಏಕದಾ ಬಾರ್ ಕಾಢಾ! ಒಂದ್ಸಲ ಹಾರಿಸೇ ಬಿಡಿ, ನನ್ನ ತೋಟ ಇದೆ," ಎಂದು ಮರಾಠಿಯಲ್ಲಿ ಕರೆಯುತ್ತಿದ್ದ. ವಸಂತಿಯ ಅಣ್ಣ ದೇವದಾಸ ಔರಂಗಾಬಾದಿನ ಟೆಲಿಫೋನ್ ಕಚೇರಿಯಲ್ಲಿದ್ದ. ಅವನದು ಬೇರೆಯೇ ರಾಗ. "ಲೈಸೆನ್ಸಿಗಂತ ಠಾಣೆಗೆ ಎಡತಾಕೋ ತ್ರಾಸ ಯಾಕ್ರಿ ಮಧುಕರರಾಯರ? ನಳಿಗಿ ವೆಲ್ಡಿಂಗ್ ಮಾಡಿಸಿ ಮುಚ್ಚಿಬಿಡ್ರಿ. ಹೊಸಾ ಪಾಲಿಶ್ ಹೊಡಿಸಿ ಗ್ವಾಡಿಗೆ ತೂಗಹಾಕ್ರಿ. ಬಂದವ್ರು ನೋಡಿ, ಹೌದಪ್ಪಾ ದೇಸಾಯರ ಮನಿ ಅಂತಾರ."

ದೇವದಾಸನೇ ಮಧುಕರನನ್ನು ಔರಂಗಾಬಾದಿನಲ್ಲಿದ್ದ ಲಾಲಸಾಬನ ಬಳಿ ಕರೆದೊಯ್ದ. ಬೋರ್ಡಿನ ಮೇಲೆ ಔರಂಗಾಬಾದ್ ಎಂದಿದ್ದರೂ ಕಂಡಕ್ಟರು ಅದೇ ಊರನ್ನು ಸಂಭಾಜಿನಗರ ಎಂದು ಕೂಗುತ್ತಿದ್ದ ಬಸ್ಸಿನಲ್ಲಿ ಮಧುಕರ ಬಂದೂಕಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಹೋಗಿದ್ದ. ಲಾಲಸಾಬ ಹಳೆಯ ಬಂದೂಕುಗಳ ವ್ಯಾಪಾರಿ, ಮೂಲತಃ ಬಿಜಾಪುರದವನು. ತಿರುಗಿಸಿ ಮುರುಗಿಸಿ ನೋಡಿ ಹೇಳಿದ: "ಇದಕ್ಕ ಕೈ ಹಚ್ಚಬ್ಯಾಡ್ರಿ ಸಾಹೇಬ್ರ. ಈ ಕಂದು ಬಣ್ಣ ತುಕ್ಕಲ್ಲ, ಇದರ ವಯಸ್ಸು. ತಿಕ್ಕಿದ್ರಿ ಅಂದ್ರ ಬಂದೂಕು ಹೋತು. ಹಾರಸೂದು ನಿಮ್ಮ ಮರ್ಜಿ. ನಳಿಗಿ ಗಟ್ಟಿ ಅದಾವ."

ಮಧುಕರನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಕೈ ಹಚ್ಚಬ್ಯಾಡ್ರಿ! ಅವನಿಗೆ ಎಷ್ಟು ಸಮಾಧಾನವಾಯಿತೆಂದರೆ, ಅಷ್ಟು ಸಮಾಧಾನ ಯಾಕಾಯಿತು ಎಂದು ತನ್ನನ್ನೇ ಕೇಳಿಕೊಳ್ಳಲು ಹೆದರಿದ. ಅಂದಿನಿಂದ ಬಂದೂಕನ್ನು ಕಾಯುವುದೇ ಅವನ ಉದ್ಯೋಗವಾಯಿತು. ವಸಂತಿ ಕಪಾಟಿನ ಹತ್ತಿರ ಸುಳಿದರೆ, "ಕೈಬೆವರು ತಾಗಿದ್ರ ಕೆಡತದ," ಎಂದು ಗದರುತ್ತಿದ್ದ. ಬಡ್ತಿ ಕೊಟ್ಟು ಇಗತಪುರಿಗೆ ಹಾಕಿದರು. ಅಲ್ಲಿ ಮಳೆ ವಿಪರೀತ, ತುಕ್ಕು ಹಿಡಿಯುತ್ತದೆ ಎಂದು ಬಡ್ತಿಯನ್ನೇ ಒಲ್ಲೆನೆಂದ. ಅವತ್ತು ವಸಂತಿ ಉಣ್ಣಲಿಲ್ಲ. ಆಯುಧಪೂಜೆಯ ಖಂಡೇನವಮಿ ದಿನವೂ ಬಂದೂಕು ಹೊರಗೆ ಬರುತ್ತಿರಲಿಲ್ಲ. ಪಾಪ, ಅವಳು ಕಪಾಟಿನ ಹಿಡಿಕೆಗೇ ಕುಂಕುಮ ಹಚ್ಚಿ ಕೈಮುಗಿಯುತ್ತಿದ್ದಳು.

ಹೀಗೇ ವರ್ಷಗಳು ಉರುಳಿದವು. ಒಂದು ಸಲ ನವರಾತ್ರಿಗೆ ಮುಂಚೆ, ಬ್ಯಾಂಕಿನ ಎಲ್ಲರೆದುರು ತುಕಾರಾಮ ಕೆಣಕಿದ. "ಸಾಹೇಬ್, ನಿಮ್ಮದು ಬಂದೂಕೋ, ದೇವರಮನೆಯ ದೇವರೋ?" ಎಲ್ಲರೂ ನಕ್ಕರು. ಮಧುಕರನ ಪಿತ್ತ ನೆತ್ತಿಗೇರಿತು. "ಈ ಖಂಡೇನವಮಿಗೆ ನಿನ್ನ ತೋಟದಲ್ಲೇ ಹಾರಿಸ್ತೀನಿ, ಜೀಪು ತಗೊಂಡು ಬಾ!" ಎಂದುಬಿಟ್ಟ. ಅಂದ ಗಳಿಗೆಯಿಂದ ಅವನಿಗೆ ನಿದ್ದೆಯಿಲ್ಲ.

ಖಂಡೇನವಮಿಯ ಬೆಳಿಗ್ಗೆ ಮೊದಲ ಸಲ ಬಂದೂಕನ್ನು ಪೂಜೆಗೆಂದು ಹೊರತೆಗೆದು ಈಳಿಗೆ, ಕತ್ತರಿಗಳ ಜೊತೆ ಮಣೆಯ ಮೇಲಿಟ್ಟು, ಚೆಂಡುಹೂವು ತರಲು ಗೋದಾವರಿಯ ದಂಡೆಯ ಸಂತೆಗೆ ಹೋದ. ಹೂವು ಬರೀ ನೆಪ, ತುಕಾರಾಮನಿಗೆ ಏನು ಸಬೂಬು ಹೇಳಲಿ ಎಂದು ಯೋಚಿಸುತ್ತ ಬೇಕೆಂದೇ ತಡಮಾಡಿದ.

ಮರಳಿ ಬಂದು ನೋಡುತ್ತಾನೆ! ಬಂದೂಕು ಹೊಸ ಸ್ಟೀಲ್ ಪಾತ್ರೆಯಂತೆ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಹುಣಸೆಹಣ್ಣಿನ ಗೊಜ್ಜು, ಇಟ್ಟಂಗಿ ಪುಡಿ, ತೆಂಗಿನ ನಾರು. ಕಂದು ಬಣ್ಣ ಪೂರಾ ಹೋಗಿತ್ತು. ಬಳ್ಳಿಯ ಚಿತ್ತಾರ ಮಾಸಿ, ಅಜ್ಜನ ಹೆಸರಿನಲ್ಲಿ ಅರ್ಧ ಅಕ್ಷರಗಳೇ ಇರಲಿಲ್ಲ.

ವಸಂತಿ ಮೊಣಕೈತನಕ ಕೆಂಪಾದ ಕೈ ಒರೆಸಿಕೊಳ್ಳುತ್ತ ಹಿಗ್ಗಿನಿಂದ ಅಂದಳು: "ನೋಡ್ರಿ, ಹ್ಯಾಂಗ ಲಕಲಕ ಅಂತದ! ನಮ್ಮ ತವರಮನ್ಯಾಗ ಕಿಲುಬು ಹಿಡದ ಆಯುಧಕ್ಕ ಅರಿಷಿಣ ಕುಂಕುಮ ಏರಸೂದಿಲ್ಲ. ಅದರಾಗ ಇವತ್ತ ನೀವು ಹಾರಸಾವ್ರು. ನಳಿಗಿ ಒಳಗ ಒಂದ್ ಹನಿ ನೀರು ಬಿದ್ದಿಲ್ಲ ಮತ್ತ, ಬಟ್ಟಿ ತುರುಕಿದ್ದೆ."

ಮಧುಕರ ಹೂವಿನ ಪೊಟ್ಟಣವನ್ನು ಗೋಡೆಗೆ ಎಸೆದ. "ಹಾಳ ಮಾಡಿದ್ಯಲ್ಲ! ಯಾರ ಮುಟ್ಟಂದ್ರು ನಿನಗ? ಇದು ನಿನ್ನ ಕೈಗೆ ಒಗ್ಗೂದಲ್ಲ!" ಎಂದು ಕಿರುಚಿದ. ಕಿರುಚಿದ ಮೇಲೆ ಅದು ಯಾರ ಮಾತೆಂದು ಹೊಳೆದು ನಾಲಿಗೆ ಕಹಿಯಾಯಿತು. ಆದರೂ ಒಳಗೊಳಗೇ ಒಂದು ನಿರಾಳ. ಸಬೂಬು ಸಿಕ್ಕಿತಲ್ಲ!

ವಸಂತಿಯ ಕಣ್ಣು ತುಂಬಿತು. ಚೆಲ್ಲಿದ ಹೂಗಳನ್ನು ಆರಿಸುತ್ತ ಮೆಲ್ಲಗೆ ಅಂದಳು: "ಕೆಟ್ಟಿದ್ದು ಕೆಟ್ಟಿತು. ಇನ್ನ ಕಾಯೂದೇನು ಉಳೀಲಿಲ್ಲಲ್ಲ? ಇವತ್ತರೆ ಹಾರಸ್ರಿ."

ಹೊರಗೆ ತುಕಾರಾಮನ ಜೀಪು ಹಾರನ್ ಹೊಡೆಯಿತು.

ತೋಟದ ಬದುವಿನ ಮೇಲೆ ಎಣ್ಣೆಯ ಡಬ್ಬಿಯೊಂದನ್ನು ಇಟ್ಟಿದ್ದರು. ಜೊತೆಗೆ ಬಂದಿದ್ದ ವಸಂತಿ ಕಾಯಿ ಒಡೆದಳು. ಕೂಲಿಯವರು ಕೆಲಸ ಬಿಟ್ಟು ಬಂದು ನಿಂತರು. ಮಧುಕರ ಗುಂಡು ತುಂಬಿ, ಬಂದೂಕನ್ನು ಹೆಗಲಿಗೇರಿಸಿದ. ಕೈ ಗಡಗಡ ನಡುಗಿತು. ಅದೇ ನಡುಕ! ಡಬ್ಬಿ ಕಾಣಲಿಲ್ಲ, ಅಪ್ಪನ ಅಂಗಳ ಕಂಡಿತು. ಬೆರಳು ಮಡಚಲೊಲ್ಲದು. ಇಷ್ಟು ವರ್ಷ ತಾನು ಕಾಯ್ದದ್ದು ಬಂದೂಕನ್ನಲ್ಲ, ಈ ನಡುಕವನ್ನು ಎಂದು ಅವನಿಗೆ ಅಲ್ಲಿ, ಎಲ್ಲರೆದುರು ತಿಳಿಯಿತು. ನಳಿಗೆ ನಿಧಾನವಾಗಿ ಕೆಳಗಿಳಿಯಿತು.

"ಕಾಯ್ ಝಾಲಂ, ಸಾಹೇಬ್? ಏನಾಯ್ತು?" ಎಂದ ತುಕಾರಾಮ. ಯಾರೋ ಕಿಸಕ್ಕೆಂದರು.

ವಸಂತಿ ಮುಂದೆ ಬಂದಳು. ತನಗೆ ಬರುವ ಹರಕುಮುರುಕು ಮರಾಠಿಯಲ್ಲಿ, "ತ್ಯಾಂಚಾ ಖಾಂದಾ ದುಖತೋ. ಹೆಗಲು ನೋವು. ಡಾಕ್ಟರು ಬೇಡ ಅಂದಿದ್ದರು, ನಾನೇ ಹಟ ಮಾಡಿ ಕರೆತಂದೆ," ಎಂದಳು. ಮಧುಕರನಿಗೆ ಯಾವ ಹೆಗಲು ನೋವೂ ಇರಲಿಲ್ಲ. ಅವನು ಗುಂಡು ಹೊರತೆಗೆಯುವುದನ್ನೇ ಕಾಯ್ದಿದ್ದು, ಅವಳು ಬಂದೂಕನ್ನು ಇಸಿದುಕೊಂಡು ಚೀಲಕ್ಕೆ ಸೇರಿಸಿದಳು. ಅವಳ ಕೈ ನಡುಗಲಿಲ್ಲ.

ಅಂಥ ಹೆಂಡತಿಗೆ ಅವನು ಕೊಟ್ಟದ್ದೇನು? ಮುಂದೆ ಮನೆಗೆ ಯಾರೇ ಬರಲಿ, ಬಂದೂಕಿನ ಮಾತು ತೆಗೆಯುತ್ತಿದ್ದ. "ಹಾರಸಾಕ ಎಲ್ಲಾ ತಯಾರಿ ಆಗಿತ್ರಿ. ನಮ್ಮಾಕಿ ಹುಣಸಿಹಣ್ಣ ಹಚ್ಚಿ ತಿಕ್ಕಿ ಕೆಡಿಸಿಬಿಟ್ಲು!"

"ಹೌದ್ರಿ, ನಾನಽ ಕೆಡಿಸಿದೆ," ಎನ್ನುತ್ತ ವಸಂತಿ ಚಹಾದ ಬಟ್ಟಲು ಇಡುತ್ತಿದ್ದಳು. ಬಂದವರು ನಗುತ್ತಿದ್ದರು. ಮಧುಕರನೂ ನಗುತ್ತಿದ್ದ. ಆ ನಗು ಅವಳ ಹೊಟ್ಟೆಯೊಳಗೆ ಎಲ್ಲಿ ಹೋಗಿ ಕುಳಿತಿತೆಂದು ಅವನು ಎಂದೂ ಕೇಳಲಿಲ್ಲ.