ಅಕ್ಕನ ಉಲ್ಟಾ ಕ್ಯಾಮೆರಾ

ಹಲಗೂರಿನ ಹತ್ತಿರ ಅಕ್ಕನ ಮನೆಯ ನಡುಮನೆಯಲ್ಲಿ ಆ ಭಾನುವಾರ ಐದು ಜನ ಇದ್ದೆವು. ಗೋಡೆ ಪಕ್ಕದ ದೊಡ್ಡ ಕಂಪ್ಯೂಟರಿನ ಮುಂದೆ ಅಕ್ಕ. ಚಾಪೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಭಾವ. ಮದ್ದೂರಿನಿಂದ ಬಸ್ಸಿಗೆ ಬಂದಿದ್ದ ನಾನು ದಿವಾನದ ಮೇಲೆ, ಕೆರಗೋಡಿನಿಂದ ಬೈಕಿನಲ್ಲಿ ಬಂದಿದ್ದ ನಮ್ಮ ಚಿಕ್ಕಪ್ಪನ ಮಗ ನನ್ನ ಪಕ್ಕದಲ್ಲಿ, ಇಬ್ಬರ ತೊಡೆಯ ಮೇಲೂ ಅವರವರ ಲ್ಯಾಪ್‌ಟಾಪ್. ಬಾಗಿಲ ಬಳಿ ಬಿಸಿಲಿಗೆ ಕಾಲು ಚಾಚಿ, ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಭಾವನ ತಾಯಿ. ಅವರನ್ನು ನಾವೆಲ್ಲ ಅತ್ತೆಮ್ಮ ಅಂತಲೇ ಕರೆಯುವುದು. ಆಟ ಆಡುವವರು ನಾವು ನಾಲ್ವರು. ಅತ್ತೆಮ್ಮ ಆಡುತ್ತಿರಲಿಲ್ಲ, ಆದರೆ ನಮ್ಮೆಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದರು.

ಮಾಮೂಲಿಯಾಗಿ ನಾವು ಹೀಗೆ ಒಂದೇ ಕಡೆ ಕೂತು ಆಡುವುದಿಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಅವರವರ ಮನೆಯಿಂದಲೇ ಆಟದೊಳಗಿನ ಯಾವುದೋ ಗವಿಗೆ ನುಗ್ಗಿ, ಅಲ್ಲಿನ ರಾಕ್ಷಸನನ್ನು ಕೆಡವಿ ಬರುತ್ತಿದ್ದೆವು. ಆನ್‌ಲೈನಿನಲ್ಲಿ ಆಡುವ ಈ ಆಟಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಒಂದೊಂದು ಕೆಲಸ. ಒಬ್ಬರು ಗುರಾಣಿ ಹಿಡಿದು ಮುಂದೆ ನಿಂತು ಏಟು ತಿನ್ನಬೇಕು. ಒಬ್ಬರು ಹಿಂದೆ ನಿಂತು ಮದ್ದಿನ ಕೋಲಿನಿಂದ ಗಾಯ ವಾಸಿ ಮಾಡಬೇಕು. ಮಿಕ್ಕಿಬ್ಬರು ಹೊಡೆಯಬೇಕು. ನಮ್ಮಲ್ಲಿ ಮುಂದೆ ನಿಲ್ಲುವವರು ಭಾವ, ವಾಸಿ ಮಾಡುವವಳು ಅಕ್ಕ. ಹಾಗಂತ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮೊದಲ ದಿನ ಹಾಗೆ ಶುರುವಾಯಿತು, ಹಾಗೇ ನಡೆದುಕೊಂಡು ಬಂತು.

ಆಮೇಲೆ ಒಂದು ಹೊಸ ಆಟ ಬಂತು. ಹಳೆಯದಕ್ಕೂ ಇದಕ್ಕೂ ಇರುವ ಅಂತರವನ್ನು ನಮ್ಮ ಅಜ್ಜಿಯ ಧಾಟಿಯಲ್ಲಿ ಹೇಳುವುದಾದರೆ, ಹಳೆಯ ಆಟ ಬದುವಿನ ಮೇಲೆ ನಿಂತು ನಾಟಿ ಮಾಡಿಸಿದ ಹಾಗೆ, ಹೊಸದು ಕೆಸರಿಗಿಳಿದು ತಾನೇ ನಾಟಿ ಮಾಡಿದ ಹಾಗೆ. ಹಳೆಯದರಲ್ಲಿ ಶತ್ರುವಿನ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ ಅವನ ಕಾಲಬುಡದಲ್ಲಿ ಕೆಂಪು ಬಳೆ ಬೀಳುತ್ತದೆ. ಆಮೇಲೆ ಒಂದು, ಎರಡು, ಮೂರು ಅಂತ ಗುಂಡಿ ಒತ್ತುತ್ತಿದ್ದರೆ ಕತ್ತಿ ತಾನಾಗಿ ಹೋಗಿ ಅವನಿಗೇ ಬೀಳುತ್ತದೆ. ಕ್ಯಾಮೆರಾ ಮೇಲೆಲ್ಲೋ ಅಟ್ಟದ ಮೇಲೆ ಕೂತ ಹಾಗೆ ಕೂತಿರುತ್ತದೆ. ಮೌಸಿನ ಬಲಗುಂಡಿ ಹಿಡಿದು ಎಳೆದರೆ ಮಾತ್ರ ತಿರುಗುತ್ತದೆ. ಹೊಡೆಯುತ್ತಲೇ ನಾನು ಎಷ್ಟೋ ಸಲ ಆಟದೊಳಗಿನ ಚಂದ್ರನನ್ನು ನೋಡುತ್ತಾ ಕಾಫಿ ಕುಡಿದಿದ್ದೇನೆ.

ಹೊಸದರಲ್ಲಿ ಅಂಥ ಆರಾಮ ಇಲ್ಲ. ಕ್ಯಾಮೆರಾ ನಮ್ಮ ಪಾತ್ರದ ಹೆಗಲಿಗೆ ಅಂಟಿಕೊಂಡಿರುತ್ತದೆ. ಮೌಸು ಕದಲಿದರೆ ಸಾಕು, ಇಡೀ ಲೋಕ ತಿರುಗುತ್ತದೆ. ಪರದೆಯ ನಡುವೆ ಒಂದು ಚುಕ್ಕಿ. ಅದು ಶತ್ರುವಿನ ಮೇಲಿದ್ದರೆ ಏಟು ಬಿತ್ತು, ಇಲ್ಲದಿದ್ದರೆ ಕತ್ತಿ ಗಾಳಿಗೆ. ತಪ್ಪಿಸಿಕೊಳ್ಳುವುದೂ ನಮ್ಮ ಕಾಲಿನಿಂದಲೇ. ಬೆನ್ನ ಹಿಂದೆ ಏನಿದೆ ಅಂತ ಮಾತ್ರ ಕಾಣುವುದಿಲ್ಲ.

ಈ ಆಟಕ್ಕೆ ಹೋಗೋಣ ಅಂದಾಗ ಅಕ್ಕ ಹೇಳಿದ್ದು ಒಂದೇ ಮಾತು.

“ಈ ಸಲ ಮುಂದೆ ನಾ ನಿಂತ್ಕತೀನಿ.”

“ಯಾಕೆ, ಮದ್ದಿನ ಕೋಲು ಬ್ಯಾಸರಾಯ್ತಾ?” ಅಂದರು ಭಾವ.

“ನಿಮ್ಮೆಲ್ಲರ ಬೆನ್ನು ನೋಡಿ ನೋಡಿ ಸಾಕಾಗೈತೆ. ಒಂದ್ಸಲನಾದ್ರೂ ಆ ರಾಕ್ಸಸನ ಮಕ ನೋಡ್ಬೇಕು.”

ನಗುತ್ತಲೇ ಹೇಳಿದಳು. ಆದರೆ ನಾನು ಅವಳ ತಮ್ಮ, ಆ ನಗು ನನಗೆ ಗೊತ್ತು. ಭಾವನಿಗೂ ಗೊತ್ತಾಗಿರಬೇಕು, ಬೇಡ ಅನ್ನಲಿಲ್ಲ. ಒಂದು ಕರಾರು ಹಾಕಿದರು.

“ಮೊದಲ್ನೇ ಗವಿ ರಾಕ್ಸಸ ನಿನ್ ಮುಂದೆ ಬಿದ್ರೆ ಜಾಗ ನಿಂದು. ಈ ಭಾನುವಾರ ನೋಡವ, ಮುಂದಿನ್ ಭಾನುವಾರ ನೋಡವ. ಬೀಳ್ನಿಲ್ಲ ಅಂದ್ರೆ ತಿರ್ಗ ಇಂದಕ್ಕೆ. ಆಮೇಲ್ ಕೇಳಂಗಿಲ್ಲ.”

“ಕೇಳಕಿಲ್ಲ ಬುಡಿ,” ಅಂದಳು ಅಕ್ಕ. ಹೊಸ ಆಟ ಒಟ್ಟಿಗೇ ಕಲಿಯೋಣ ಅಂತ ನಾವು ಹಲಗೂರಿಗೆ ಬಂದದ್ದು ಹಾಗೆ.

ಗವಿಯ ರಾಕ್ಷಸನಿಗೆ ಎಮ್ಮೆಯ ಮುಖ, ಬಾಯಲ್ಲಿ ಬೆಂಕಿ. ಸುತ್ತ ಕಲ್ಲಿನ ಕಂಬಗಳು. ಮುಂದೆ ನಿಂತವರು ಅವನನ್ನು ಕೆಣಕಿ, ಅವನ ಮುಖ ತಮ್ಮ ಕಡೆಗೇ ಇರುವ ಹಾಗೆ ನೋಡಿಕೊಂಡು, ಕಂಬಗಳ ನಡುವೆ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಎಳೆದುಕೊಂಡು ಹೋಗಬೇಕು. ಆಗ ಮಿಕ್ಕವರಿಗೆ ಅವನ ಬೆನ್ನು ಸಿಗುತ್ತದೆ. ಮುಖ ನಮ್ಮ ಕಡೆ ತಿರುಗಿತೋ, ಬೆಂಕಿಗೆ ಎಲ್ಲರೂ ಹೋದೆವು.

ಅಕ್ಕ ಗವಿಯೊಳಕ್ಕೆ ಗುರಾಣಿ ಹಿಡಿದು ಚೆನ್ನಾಗಿಯೇ ನಡೆದಳು. ರಾಕ್ಷಸ ನುಗ್ಗಿ ಬಂದ. ಅಕ್ಕ ಹಿಂದೆ ಹೆಜ್ಜೆ ಇಟ್ಟಳು. ಅಷ್ಟೇ, ಬೆನ್ನು ಹೋಗಿ ಕಂಬಕ್ಕೆ ಬಡಿಯಿತು, ಎಮ್ಮೆಮುಖ ನಮ್ಮ ಕಡೆ ತಿರುಗಿತು, ಮೂವರೂ ಬೂದಿ.

“ಏನ್ಲಾ, ಎಲ್ಲಾ ಮನೀಕಬುಟ್ರಿ?” ಅಂದರು ಅತ್ತೆಮ್ಮ, ಪರದೆಯ ಕಡೆ ನೋಡಿ.

ಮತ್ತೆ ಹೋದೆವು, ಮತ್ತೆ ಮಲಗಿದೆವು. ಭಾವನಿಗೆ ತಡೆಯಲಾಗಲಿಲ್ಲ.

“ಎಡಕ್ಕೆ ಎಡಕ್ಕೆ ಅಂತ ಬಡ್ಕತಾ ಇವ್ನಿ, ಬಲಕ್ಕೆ ತಿರುಗ್ತೀಯಲ್ಲ.”

“ಎಡಕ್ಕೇ ತಿರುಗ್ಸಿದ್ದು ಕಣ್ರಿ.”

“ಮತ್ತೆ ಆ ಕಂಬ ತಾನಾಗೇ ಬಂದು ಹೊಡೀತಾ?”

ಮುಂದಿನ ಸಲ ನಾನು ಪರದೆ ಬಿಟ್ಟು ಅಕ್ಕನನ್ನೇ ನೋಡಿದೆ. ಮುಂದೆ ನಡೆಯುವಾಗ ಕೈ ಸರಿಯಾಗಿತ್ತು. ಹಿಂದೆ ಹೆಜ್ಜೆ ಇಡುತ್ತಿದ್ದ ಹಾಗೆ, ಎಡಕ್ಕೆ ನೋಡಬೇಕಾದಾಗ ಅವಳ ಕೈ ಮೌಸನ್ನು ಬಲಕ್ಕೆ ತಳ್ಳುತ್ತಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಅವಳು ಕತ್ತು ತಿರುಗಿಸಿ, ಹೆಗಲ ಮೇಲಿಂದ ತನ್ನ ಬೆನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದಳು. ಆ ಗೋಡೆಯ ಮೇಲೆ ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ.

ಚಿಕ್ಕಪ್ಪನ ಮಗನೂ ಅದನ್ನೇ ನೋಡುತ್ತಿದ್ದ. ಹೊಟ್ಟೆ ಹಿಡಿದುಕೊಂಡು ನಕ್ಕ.

“ಲೋ, ಅಕ್ಕ ಟ್ರೇಲರ್ ರಿವರ್ಸ್ ಆಕ್ತಾವ್ಳೆ ಕಣ್ಲಾ.”

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಬ್ಬಿನ ಟ್ರೇಲರ್ ಕಟ್ಟಿಕೊಂಡು ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಡುವಾಗ ಎಲ್ಲ ಉಲ್ಟಾ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ. ಬೆಸಗರಹಳ್ಳಿ ಕಡೆಯ ನಮ್ಮ ಊರಿನಲ್ಲಿ ಅಪ್ಪ ಅಕ್ಕನಿಗೆ ಇದನ್ನು ಮದುವೆಗೆ ಮುಂಚೆಯೇ ಕಲಿಸಿದ್ದರು. ಬೆಲ್ಲ ಕಾಯಿಸುವ ಆಲೆಮನೆಯ ಅಂಗಳ ನಮ್ಮಲ್ಲಿ ಬಲು ಇಕ್ಕಟ್ಟು. ಒಂದು ಕಡೆ ಕಬ್ಬಿನ ರಾಶಿ, ಇನ್ನೊಂದು ಕಡೆ ಒಣಗಲು ಹರಡಿದ ಸಿಪ್ಪೆ. ಅಲ್ಲಿ ಒಳ್ಳೊಳ್ಳೆ ಗಂಡಸರು ಟ್ರೇಲರನ್ನು ಅಡ್ಡಾದಿಡ್ಡಿ ಸಿಕ್ಕಿಸಿಕೊಂಡು, “ಅಮ್ಮಯ್ಯ, ಬಾರವ್ವ ವಸಿ” ಅಂತ ಅಕ್ಕನನ್ನು ಕರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ಹೋಗುವುದು ಅಂದರೆ ಅವಳ ಕೈಗೆ ಗೊತ್ತಿದ್ದದ್ದು ಒಂದೇ ದಾರಿ.

ನಾನು ಎದ್ದು ಹೋಗಿ ಅಕ್ಕನ ಕಂಪ್ಯೂಟರಿನಲ್ಲಿ ಆಟದ ಸೆಟ್ಟಿಂಗ್ಸ್ ತೆಗೆದೆ. ಕ್ಯಾಮೆರಾ ಅನ್ನುವ ಕಡೆ, ಎಡಬಲ ತಿರುವುಮುರುವು ಮಾಡುವ ಒಂದು ಸಣ್ಣ ಚೌಕ ಇತ್ತು. ಅದಕ್ಕೆ ಟಿಕ್ ಹಾಕಿದರೆ ಮೌಸು ಬಲಕ್ಕೆ ಹೋದಾಗ ನೋಟ ಎಡಕ್ಕೆ ಹೋಗುತ್ತದೆ.

“ಇದೊಳ್ಳೆ ಕತೆ,” ಅಂದರು ಭಾವ. “ಪ್ರಪಂಚಕ್ಕೆಲ್ಲ ಒಂದು, ಇವಳಿಗೆ ಇನ್ನೊಂದಾ? ಕೈ ಬದಲಾಯ್ಸಕೊ ಅನ್ನು. ಇನ್ನು ಮುಂದಕ್ ನಡ್ಯವಾಗ ಉಲ್ಟಾ ಆಯ್ತದಲ್ಲ, ಅದಕ್ಕೇನ್ ಮಾಡ್ತಾಳೆ?”

ಮಾತು ನಿಜವಾಗಿತ್ತು. ಹಿಂದೆ ಹೋಗುವುದು ಸರಿಯಾದರೆ ಮುಂದೆ ಹೋಗುವುದು ಕೆಡುತ್ತದೆ.

ಬಾಗಿಲ ಬಳಿಯಿಂದ ಅತ್ತೆಮ್ಮ ಅಂದರು: “ಎಡಚ ಎಡಗೈಲಿ ಕುಡ್ಲು ಇಡುದ್ರೆ ಬತ್ತ ಕುಯ್ಸಕಳಕಿಲ್ಲ ಅಂತದಾ? ಅವಳಿಷ್ಟ ಬಂದಂಗೆ ಆಡ್ಲಿ ಬುಡ್ಲಾ.”

ಅಕ್ಕ ನನ್ನ ಕೈಯಿಂದ ಮೌಸು ತೆಗೆದುಕೊಂಡು ತಾನೇ ಟಿಕ್ ಹಾಕಿದಳು.

“ಮುಂದೆ ನಿಂತೋರಿಗೆ ಇಂದಕ್ಕೆ ಓಗೋದೇ ಜಾಸ್ತಿ ಕೆಲ್ಸ. ಮುಂದಕ್ಕೆ ನಡ್ಯೋದ ಒಸದಾಗಿ ಕಲ್ತ್ಕತೀನಿ.”

ಅವತ್ತು ರಾಕ್ಷಸ ಬೀಳಲಿಲ್ಲ. ಆ ವಾರವೆಲ್ಲ ಅವಳು ಆಟದೊಳಗೆ ನಡೆಯಲು ಕಲಿತಳು. ಬೆಳಿಗ್ಗೆ ಗದ್ದೆ ಕಡೆ ಹೋಗಿ ಬಂದು, ತಿಂಡಿ ಮುಗಿಸಿ, ಆಟದೊಳಗಿನ ಪೇಟೆಗೆ ಬರುತ್ತಿದ್ದಳು. ನಾನು ಮದ್ದೂರಿನ ಅಕ್ಕಿ ಗಿರಣಿಯ ಕೆಲಸಕ್ಕೆ ಹೊರಡುವ ಮುಂಚೆ ಜೊತೆಯಾಗುತ್ತಿದ್ದೆ. ಗೋಡೆಗೆ ಹಾಯ್ದಳು. ಬಾವಿಗೆ ಬಿದ್ದಳು. ಅಂಗಡಿ ಬೀದಿಯಲ್ಲಿ ಸುತ್ತಲೂ ಸುತ್ತಿ ನಿಂತ ಜಾಗಕ್ಕೇ ಬಂದಳು. ಯಾರೋ ಅಪರಿಚಿತ, ಕುಡಿದಿದ್ದೀಯಾ ಅಂತ ಬರೆದ. ಅಕ್ಕನ ಕಣ್ಣೆಲ್ಲ ದಾರಿಯ ಮೇಲಿತ್ತು, ನಾನೇ ಓದಿ ಹೇಳಿದೆ.

“ಕುಡ್ದಿಲ್ಲ, ಕಲೀತಾ ಇವ್ನಿ ಅಂತ ಬರಿ,” ಅಂದಳು. ಬರೆದೆ.

ಎರಡನೆಯ ಭಾನುವಾರ ನಾವು ಅವರವರ ಮನೆಯಲ್ಲೇ ಇದ್ದೆವು. ಮದ್ದಿನ ಕೋಲು ಭಾವನ ಕೈಯಲ್ಲಿತ್ತು. ಗವಿಯೊಳಕ್ಕೆ ಅಕ್ಕ ನಿಧಾನವಾಗಿ ನಡೆದಳು, ಒಂದು ಕಂಬಕ್ಕೆ ಭುಜ ತಾಗಿತು, ಅಷ್ಟೇ. ಎಮ್ಮೆಮುಖದವನು ಗುಟುರು ಹಾಕಿ ನುಗ್ಗಿದ. ಅಕ್ಕ ಹಿಂದೆ ಸರಿದಳು.

ಅದನ್ನು ಹೇಗೆ ಹೇಳಲಿ. ಬೆನ್ನ ಹಿಂದೆ ಏನೂ ಕಾಣದ ಆ ಆಟದಲ್ಲಿ, ಮೊದಲ ಕಂಬವನ್ನು ಬಲಕ್ಕೆ ಬಿಟ್ಟು, ಎರಡನೆಯದನ್ನು ಎಡಕ್ಕೆ ಬಿಟ್ಟು, ಹಾವಿನ ಹಾಗೆ ಬಳುಕುತ್ತಾ ಹಿಂದೆ ಹಿಂದೆ ಹೋದಳು. ಚುಕ್ಕಿ ಅವನ ಹಣೆಯಿಂದ ಅತ್ತಿತ್ತ ಕದಲಿಲ್ಲ. ಅಷ್ಟು ದೊಡ್ಡ ರಾಕ್ಷಸ ಅವಳಿಗೆ ಕಟ್ಟಿದ ಟ್ರೇಲರಿನ ಹಾಗೆ ಅವಳು ಕರೆದ ಕಡೆ ಬಂದ. ನಮಗೆ ಅವನ ಅಗಲ ಬೆನ್ನು ಪೂರ್ತಿ ಸಿಕ್ಕಿತು.

“ಇಕ್ರಲಾ ಬೆನ್ಗೆ, ಏನ್ ನೋಡ್ತಾ ನಿಂತಿದ್ದೀರ,” ಅಂತ ಕಿವಿಯಲ್ಲಿ ಅವಳ ದನಿ.

ನಡುವೆ ಒಂದು ಸಲ ಭಾವನ ಮದ್ದು ತಡವಾಯಿತು. ಪರದೆಯ ಮೇಲೆ ಅಕ್ಕನ ಪ್ರಾಣ ತೋರಿಸುವ ಪಟ್ಟಿ ಕೂದಲಿನಷ್ಟು ಉಳಿದಿತ್ತು. ಓಡಿಹೋಗಬಹುದಿತ್ತು. ಓಡಿದರೆ ಬೆಂಕಿ ನಮ್ಮ ಮೇಲೆ. ಅವಳು ಗುರಾಣಿ ಎತ್ತಿಕೊಂಡು ನಿಂತೇ ಇದ್ದಳು, ಮದ್ದು ಬರುವ ತನಕ.

ರಾಕ್ಷಸ ಮೊಣಕಾಲೂರಿ, ಮಗುಚಿ ಬಿದ್ದ.

ಹೆಡ್‌ಫೋನಿನಲ್ಲಿ ದೂರದಿಂದ ಅತ್ತೆಮ್ಮನ ದನಿ, “ಬಿತ್ತಾ? ಯಾವ್ದು ಬಿದ್ದಿದ್ದು, ನಮ್ದಾ ಅವ್ರದಾ?”

“ಅವ್ರದು ಕಣವ್ವ,” ಅಂದರು ಭಾವ. ಆಮೇಲೆ ಅಕ್ಕನಿಗೆ ಹೇಳಿದರು, “ಜಾಗ ನಿಂದೇ ಕಣಮ್ಮಿ. ಇನ್ ನಾನ್ ಕೇಳಕಿಲ್ಲ.”

ಮಾರನೆಯ ದಿನ ಗಿರಣಿಯಲ್ಲಿ ನಾನು ಈ ಕತೆಯನ್ನು ಹೇಳದ ಮನುಷ್ಯ ಇರಲಿಲ್ಲ. ಭತ್ತ ತಂದ ರೈತರಿಗೂ ಹೇಳಿದೆ. ಅರ್ಧ ಜನಕ್ಕೆ ಆಟ ಅರ್ಥವಾಗಲಿಲ್ಲ, ಆದರೆ ಟ್ರೇಲರ್ ಅರ್ಥವಾಯಿತು. ಈ ಆಟಗಳಲ್ಲಿ ನಾನು ಎಷ್ಟೋ ಚಿನ್ನದ ಕತ್ತಿ ಗೆದ್ದಿದ್ದೇನೆ. ನನ್ನ ಎದೆ ಉಬ್ಬಿದ್ದು ಅವತ್ತೇ.

ಕೆಲವು ದಿನಗಳ ಮೇಲೆ, ಒಂದು ಸಂಜೆ, ಪೇಟೆಯಲ್ಲಿ ನಿಂತಿದ್ದಾಗ ನಮಗೆ ಪರಿಚಯವೇ ಇಲ್ಲದ ಒಂದು ತಂಡ ಅಕ್ಕನಿಗೆ ಬರೆಯಿತು. ನಮ್ಮಲ್ಲಿ ಮುಂದೆ ನಿಲ್ಲುವವರಿಲ್ಲ, ನೀವು ಬರುತ್ತೀರಾ ಅಂತ ಕೇಳಿದರು. ಅಕ್ಕ ಹೋದಳು. ಆ ಗವಿ ದೊಡ್ಡದು, ಮುಗಿಯುವ ಹೊತ್ತಿಗೆ ಊಟದ ವೇಳೆ ದಾಟಿತ್ತು. ಅವತ್ತು ಮುದ್ದೆ ತೊಳಸಿದ್ದು ಭಾವ. ಅಲ್ಲಲ್ಲಿ ಗಂಟಿತ್ತಂತೆ. ಅತ್ತೆಮ್ಮ ಗಂಟಿನ ಸಮೇತ ಉಂಡರಂತೆ.