ಹುಲಿಯಪ್ಪನ ಪಾಳಿ

ನಮ್ಮ ಸೌಂದರ್ಯತ್ತೆ ಕಂಪ್ಯೂಟರ್ ಮುಂದೆ ಕೂತು ಬೆವರಿದ್ದು ಒಂದೇ ಸಲ. 1999ರ ಬೇಸಿಗೆ, ಶಿರಾಳಕೊಪ್ಪದಲ್ಲಿ ಅವಳು ಪಾಠ ಹೇಳುತ್ತಿದ್ದ ಕಂಪ್ಯೂಟರ್ ಕ್ಲಾಸಿನಲ್ಲಿ. ಫ್ಯಾನೇನೋ ತಿರುಗುತ್ತಲೇ ಇತ್ತು.

ಮೂರು ವರ್ಷದ ಹಿಂದೆ ಅವಳು ತನ್ನೂರಿನ ನೀರಿನ ಸಂಘಕ್ಕೆ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದಳು. ಕಾಲುವೆ ನೀರು ಯಾವ ಗದ್ದೆಗೆ ಯಾವಾಗ ಎಂಬ ಪಾಳಿ ಪಟ್ಟಿಯನ್ನು ಅದು ತಯಾರಿಸುತ್ತಿತ್ತು. ಯಾರು ಕೇಳಿದರೂ ಫ್ಲಾಪಿಯಲ್ಲಿ ಪುಕ್ಕಟೆ, ಒಳಗೆ ಅವಳು ಬರೆದ ಸಾಲುಗಳ, ಅಂದರೆ ಸೋರ್ಸ್ ಕೋಡ್‌ನ ಸಮೇತ. ಯಾರು ಬೇಕಾದರೂ ಓದಬಹುದಿತ್ತು; ಓದುವವರೇ ಇರಲಿಲ್ಲ.

ಆ ಬೇಸಿಗೆಯಲ್ಲಿ ಉಳವಿಯಿಂದ ರವಿ ಬಂದ. ಎಂಜಿನಿಯರಿಂಗ್ ಓದುತ್ತಿದ್ದವನು, ತನ್ನೂರಿನ ಕೆರೆಗೂ ಅದೇ ಪ್ರೋಗ್ರಾಂ ಬೇಕೆಂದ.

“ಅಕ್ಕಾ, ಎರಡು ಸಾವಿರ ಸಾಲು ಇದೆ. ಯಾವ್ದು ಏನ್ ಮಾಡ್ತದೆ ಅಂತ ಒಂದು ಪುಸ್ತಕ ಬೇಕಲ್ರೀ.”

“ಬರಿಯಾಕೆ ನಂಗೆಲ್ಲಿ ಪುರುಸೊತ್ತು ಮಾರಾಯ?”

“ನೀವ್ಯಾಕೆ ಬರೀತೀರಿ? ಕೋಡಿನ ನಡುವೆ ಬರ್ದಿರೋ ಟಿಪ್ಪಣಿ ಎತ್ಕೊಂಡು ತಾನೇ ಪುಸ್ತಕ ಮಾಡೋ ಸಾಫ್ಟ್‌ವೇರ್ ಇದಾವೆ. ಎರಡು ತಂದೀನಿ, ಆರಿಸಿ. ಮೊದಲ್ನೇದು ನೀವು ಗುರುತು ಹಾಕಿದ ಟಿಪ್ಪಣಿ ಮಾತ್ರ ತಗೊಳ್ತದೆ. ಹೆಣ್ಣು ನೋಡಾಕೆ ಬಂದೋರಿಗೆ ಮನೆ ತೋರ್ಸಿದ ಹಾಗೆ. ಎರಡ್ನೇದು ಕಸ ಸಮೇತ ತೋರಿಸ್ತದೆ. ನಂಗದೇ ಇಷ್ಟ.”

ಅವನು ಹೋದ ಮೇಲೆ ಎರಡನ್ನೂ ಓಡಿಸಿ ನೋಡಿದಳು. ಮೊದಲನೆಯದು ಮೂವತ್ತು ಪುಟ, ಅಚ್ಚುಕಟ್ಟು. ಎರಡನೆಯದರ ನಲವತ್ತೊಂದನೇ ಪುಟದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಅವಳದೇ ಕನ್ನಡ: ‘ಹುಲಿಯಪ್ಪನ ಗದ್ದೆ ಯಾವಾಗಲೂ ಕೊನೆಗೆ. ದೊಡ್ಡಪ್ಪ ಹೇಳಿದ್ದು. ನಾನಲ್ಲ.’

ಬೆವರಿದ್ದು ಆಗ.

ದೊಡ್ಡಪ್ಪ ಎಂದರೆ ಸಂಘದ ಅಧ್ಯಕ್ಷ ಮಹೇಶ್ವರಪ್ಪ, ಅವಳನ್ನು ಓದಿಸಿದವನು. ಸಂಘದ ಚುನಾವಣೆಯಲ್ಲಿ ಹುಲಿಯಪ್ಪ ಅವನ ಎದುರು ನಿಂತಿದ್ದ. ಊರವರೆಲ್ಲರ ಪಾಳಿ ವರ್ಷವರ್ಷ ತಿರುಗಿದರೂ ಹುಲಿಯಪ್ಪನದು ಮಾತ್ರ ಕೊನೆಯಲ್ಲೇ ಕೂತಿತ್ತು. ಅವನೋ ಪಟ್ಟಿ ನೋಡಿ, “ಕಂಪ್ಯೂಟರಿಗೆ ನನ್ನ ಮ್ಯಾಲೆ ಏನ್ ಸಿಟ್ಟೋ!” ಎಂದು ನಕ್ಕು ಹೋಗುತ್ತಿದ್ದ.

ಅವಳು ದೊಡ್ಡಪ್ಪನ ಬಳಿ ಹೋಗಿ ಆ ಪುಟದ ವಿಷಯ ಹೇಳಿದಳು.

“ಅಳಿಸು,” ಎಂದ ಅವನು. “ಆ ಟಿಪ್ಪಣಿನೂ ಅಳಿಸು, ಅವನನ್ನ ಕೊನೆಗೆ ಹಾಕೋ ಸಾಲೂ ಅಳಿಸು. ಈ ವರ್ಷದಿಂದ ಅವನ ಪಾಳಿನೂ ತಿರುಗ್ಲಿ. ಮೊದಲ್ನೇ ಸಾಫ್ಟ್‌ವೇರ್ ಹಾಕಿ ಆ ಹುಡುಗನಿಗೆ ಕೊಡು. ಮುಗೀತಲ್ಲ?”

“ಹೋದ ಮೂರು ವರ್ಷ, ದೊಡ್ಡಪ್ಪ?”

“ಅದು ಮಿಷನ್ ಮಾಡಿದ್ದು.”

ಕ್ಲಾಸಿಗೆ ಮರಳಿ ಆ ಸಾಲನ್ನು ಪರದೆಯ ಮೇಲೆ ತೆರೆದಳು. ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಬದಲಿಗೆ ಆ ಒಂದೇ ಪುಟವನ್ನು ಪ್ರಿಂಟ್ ತೆಗೆದು ಹುಲಿಯಪ್ಪನ ಮನೆಗೆ ನಡೆದಳು.

ಅವನು ಹಾಳೆಯನ್ನು ತಿರುಗಿಸಿ ನೋಡಿದ. “ಇಂಗ್ಲೀಷು ನಂಗೆಲ್ಲಿ ಬರ್ತತಿ ಯವ್ವಾ? ನೀನೇ ಓದು.”

ಓದಿದಳು. ‘ದೊಡ್ಡಪ್ಪ ಹೇಳಿದ್ದು’ ಎಂಬಲ್ಲಿಗೆ ನಿಲ್ಲಿಸಿದಳು. ಅವನ ಬೆರಳು ಮುಂದಿನ ಅಕ್ಷರಗಳ ಮೇಲಿತ್ತು.

“ಇನ್ನೂ ಏನೋ ಐತಲ್ಲ?”

“ಅದು ಸುಳ್ಳು, ಹುಲಿಯಪ್ಪಣ್ಣ. ನಾನಲ್ಲ ಅಂತ ಬರ್ದೀನಿ.”

ಹುಲಿಯಪ್ಪ ಹಾಳೆಯನ್ನು ಮಡಚಿ ಅಂಗಿ ಜೇಬಿಗಿಟ್ಟುಕೊಂಡ. “ಮಿಷನ್ನು ಅಂತ ಮೂರು ವರ್ಷ ಯಾರಿಗೂ ಬೈಲಿಲ್ಲ. ನೀನು ಅಂತ ಗೊತ್ತಿದ್ರೆ ಅವತ್ತೇ ಬಂದು ಬೈತಿದ್ದೆ,” ಎಂದು ಒಳಗೆ ಹೋದ.

ಪುಸ್ತಕಕ್ಕೆ ಅವಳು ಎರಡನೆಯ ಸಾಫ್ಟ್‌ವೇರನ್ನೇ ಆರಿಸಿದಳು. ಒಂದು ಪ್ರತಿ ಉಳವಿಗೆ ಹೋಯಿತು, ಇನ್ನೊಂದನ್ನು ಸಂಘದ ಮೇಜಿನ ಮೇಲಿಟ್ಟಳು, ನಲವತ್ತೊಂದನೇ ಪುಟ ಸಮೇತ. ದೊಡ್ಡಪ್ಪ ಮತ್ತೆ ಅವಳ ಮನೆಗೆ ಕಾಲಿಡಲಿಲ್ಲ. ಹುಲಿಯಪ್ಪ ಬಂದು ಬೈದಾನೆಂದು ಅವಳು ಬೇಸಿಗೆಯಿಡೀ ಕಾದಳು. ಅವನೂ ಬರಲಿಲ್ಲ.