ಐವತ್ತಮ್ಮನ ಪರದೆ

ನಮ್ಮ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಟೀಚರ್ ಅಂಕಿ ಕಲಿಸುವ ಮೊದಲೇ ಐವತ್ತರವರೆಗೆ ಬರುತ್ತದೆ. ಐವತ್ತೊಂದು ಬರುವುದಿಲ್ಲ. ಅದಕ್ಕೆ ಕಾರಣ ಆಯಾ. ಆಕೆಯ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಇದ್ದೀತು. ಉಳಿದ ಎಲ್ಲರಿಗೂ, ಚ್ಯಾಪೆಲಿನ ಪಾದ್ರಿಗಳಿಗೂ ಸೇರಿ, ಆಕೆ ಐವತ್ತಮ್ಮ.

ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಜಾಗದಲ್ಲಿ ಚ್ಯಾಪೆಲಿನಿಂದ ಬಂದ ಹಳೆಯ ನೇರಳೆ ಪರದೆಯೊಂದು ತೂಗುತ್ತದೆ. ಅದರ ಹಿಂದೆ ಕಾಲು ಮೋಟಾದ ಒಂದು ಸ್ಟೂಲು, ಬಿಸಿನೀರಿನ ಬೋಗುಣಿ, ಬಿಳಿ ಬಟ್ಟೆ, ಔಷಧಿ ಎಣ್ಣೆಯ ಬಾಟಲಿ ಮತ್ತು ಹೇನಿನ ಬಾಚಣಿಗೆ. ದಿನಕ್ಕೊಂದು ತರಗತಿ ಅಲ್ಲಿ ಸಾಲಾಗಿ ನಿಲ್ಲುತ್ತದೆ. ಒಂದೊಂದು ಮಗುವೂ ಪರದೆಯ ಹಿಂದೆ ಹೋಗಿ ಕೂತರೆ ಐವತ್ತಮ್ಮ ಬಾಚುತ್ತಾರೆ, ಜೋರಾಗಿ ಎಣಿಸುತ್ತಾರೆ. ತಲೆಯಲ್ಲಿ ಹೇನಿನ ಸಂತೆಯೇ ನೆರೆದಿರಲಿ, ಒಂದೇ ಒಂದು ಸೀರೂ ಇಲ್ಲದಿರಲಿ, ಸರಿಯಾಗಿ ಐವತ್ತು. ಕೊನೆಗೆ ಎಲ್ಲರ ಕಿವಿಯ ಹಿಂದೆಯೂ ಒಂದು ತೊಟ್ಟು ಎಣ್ಣೆ. ಆಚೆ ಸಾಲಿನಲ್ಲಿ ನಿಂತವರಿಗೆ ಯಾರ ತಲೆಯಲ್ಲಿ ಏನಿತ್ತೆಂದು ಲೆಕ್ಕದಿಂದಲೂ ತಿಳಿಯದು, ವಾಸನೆಯಿಂದಲೂ ತಿಳಿಯದು.

ನಿಜವಾಗಿ ಔಷಧಿ ಬೇಕಾದವರ ಮನೆಗೆ ಸಂಜೆ ಐವತ್ತಮ್ಮನೇ ಹೋಗುತ್ತಾರೆ. ಕೈಯಲ್ಲಿ ಒಂದು ಕರವಸ್ತ್ರ. “ನಿಮ್ಮ ಮಗು ಶಾಲೇಲಿ ಮರೆತು ಬಂದಿತ್ತು” ಎಂದು ಕೊಟ್ಟು, ಅಡುಗೆಮನೆಯತ್ತ ಸರಿದು, ತಾಯಿಯ ಕೈಗೆ ಚಿಕ್ಕ ಬಾಟಲಿ ದಾಟಿಸುತ್ತಾರೆ. ಕರವಸ್ತ್ರ ಬಂತೆಂದರೆ ಹೇನು ಎಂದು ಅಕ್ಕಪಕ್ಕದವರು ಅರ್ಥ ಮಾಡಿಕೊಳ್ಳಬಾರದಲ್ಲ, ಅದಕ್ಕೆ ಹೇನಿಲ್ಲದ ಮನೆಗಳಿಗೂ ಕರವಸ್ತ್ರ ಹೋಗುತ್ತದೆ. ನಮ್ಮ ಮಗುವೂ ಇದೇ ಶಾಲೆ, ನಮ್ಮ ಮನೆಗೆ ಮೂರು ಬಂದಿವೆ. ಮೂರೂ ನಮ್ಮವಲ್ಲ. ಅವುಗಳ ಜೊತೆ ಬಾಟಲಿ ಬಂದಿತ್ತೇ ಎಂದು ಹೆಂಡತಿಯನ್ನು ಕೇಳಿದರೆ, “ನಿಮ್ಮ ಮೀಟಿಂಗಿಗೆ ಹೊತ್ತಾಯ್ತು, ಹೊರಡಿ” ಎನ್ನುತ್ತಾಳೆ.

ಮೀಟಿಂಗು ಎಂದೆನಲ್ಲ, ಅದನ್ನೂ ಹೇಳಬೇಕು. ಶಾಲೆಯಲ್ಲಿ ಸಮಾನತೆಯನ್ನೂ ವೈವಿಧ್ಯವನ್ನೂ ಬೆಳೆಸಬೇಕೆಂದು ಬಿಷಪ್ಪರ ಕಚೇರಿಯಿಂದ ಪತ್ರ ಬಂದಿತ್ತು. ಮುಖ್ಯೋಪಾಧ್ಯಾಯಿನಿಯಾದ ದೊಡ್ಡ ಸಿಸ್ಟರ್ ಕೂಡಲೇ ಒಂದು ಸಮಿತಿ ಮಾಡಿದರು. ಪೋಷಕರ ಪೈಕಿ, ಸರಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕಡತ ನೋಡಿದ ಅನುಭವವಿದೆಯೆಂದು ನನ್ನನ್ನು ಅಧ್ಯಕ್ಷನನ್ನಾಗಿಸಿದರು. ಮಗಳನ್ನು ಎರಡನೇ ತರಗತಿಗೆ ಕಳಿಸುವ ಡಾಕ್ಟರ ಹೆಂಡತಿ ಕಾರ್ಯದರ್ಶಿ. ಮೊದಲ ಮೂರು ಸಭೆಗಳನ್ನು ನಾವು ಒಂದು ಚಿತ್ರಕ್ಕೆ ಮೀಸಲಿಟ್ಟೆವು. ಭೂಗೋಳದ ಸುತ್ತ ಮಕ್ಕಳು ಕೈಕೈ ಹಿಡಿದು ನಿಂತ ಚಿತ್ರ. ಯಾವ ಮಗುವಿನ ಮುಖಕ್ಕೆ ಯಾವ ಬಣ್ಣ ಬಳಿಯಬೇಕೆಂಬಲ್ಲಿ ಒಮ್ಮತ ಬರಲಿಲ್ಲ. ಕೊನೆಗೆ ಎಲ್ಲರಿಗೂ ಹಸಿರು ಬಳಿದೆವು.

ಆ ಚಿತ್ರದ ನೇರ ಕೆಳಗೆ, ಎರಡನೇ ತರಗತಿಯ ಕೊನೆಯ ಬೆಂಚಿನಲ್ಲಿ, ಒಂದು ಹುಡುಗಿ ಒಬ್ಬಳೇ ಕೂರುತ್ತಿದ್ದಳು.

ಅವಳು ವರ್ಷದ ನಡುವೆ ಬಂದು ಸೇರಿದವಳು. ಹೊಸ ಸೇತುವೆಯ ಕೆಲಸಕ್ಕೆ ಬಂದವರ ಮಗಳು, ತಗಡಿನ ಶೆಡ್ಡಿನಲ್ಲಿ ವಾಸ. ಮನೆಯ ಭಾಷೆ ಬೇರೆ, ದೇವರು ಬೇರೆ. ಎರಡು ಜಡೆ ಸೊಂಟ ದಾಟಿ ಇಳಿಯುತ್ತಿದ್ದವು. ಅಷ್ಟುದ್ದದ ಕೂದಲೆಂದರೆ ಅದರೊಳಗೆ ಏನಿದೆಯೋ ಎಂದು ಯಾರೋ ಒಬ್ಬ ತಾಯಿ ಗೇಟಿನ ಬಳಿ ಅಂದಳಂತೆ. ಮರುದಿನ ಪಕ್ಕದ ಮಗು ಮುಂದಿನ ಬೆಂಚಿಗೆ ಹೋಯಿತು, ಅದರ ಮರುದಿನ ಇನ್ನೊಂದು.

ನಾಲ್ಕನೇ ಸಭೆಯಲ್ಲಿ ಡಾಕ್ಟರ ಹೆಂಡತಿ ವಿಷಯ ಎತ್ತಿದರು. “ನಾನು ಯಾರ ಬಗ್ಗೆನೂ ಹೇಳ್ತಿಲ್ಲಪ್ಪ. ಒಂದು ಪಟ್ಟಿ ಆಗ್ಲಿ ಅಂತಿದೀನಿ ಅಷ್ಟೆ. ಯಾರಿಗಿದೆ, ಯಾರಿಗಿಲ್ಲ ಅಂತ. ಇರೋರು ಕೂದಲು ಮೋಟಾಗಿ ಕತ್ತರಿಸ್ಕೊಂಡು ಬರ್ಲಿ. ಎಲ್ರಿಗೂ ಒಂದೇ ರೂಲು. ಇದೇ ಅಲ್ವಾ ಸಮಾನತೆ?”

ಸಮಾನತೆ ಎಂದ ಮೇಲೆ ಅಧ್ಯಕ್ಷನಾದ ನಾನು ಹೇಗೆ ಸುಮ್ಮನಿರಲಿ? ಅಂದೇ ಕೂತು ಒಂದು ನಮೂನೆ ತಯಾರಿಸಿದೆ. ಹೆಸರು, ತರಗತಿ, ಧರ್ಮ, ಮನೆಮಾತು, ಹೇನು ‘ಇದೆ’ ಅಥವಾ ‘ಇಲ್ಲ’. ಅಂಚಿನಲ್ಲಿ ‘ಷರಾ’ ಎಂದು ಒಂದು ಕಾಲಮ್ಮೂ ಇತ್ತು. ಹೇನಿನ ಬಗ್ಗೆ ಷರಾ ಬರೆಯಲು ಏನಿರುತ್ತದೆಂದು ಆಗ ಹೊಳೆಯಲಿಲ್ಲ. ಷರಾ ಇಲ್ಲದ ನಮೂನೆಯನ್ನು ನಾನು ಜೀವಮಾನದಲ್ಲಿ ಕಂಡಿಲ್ಲ.

ಸುದ್ದಿ ಶೆಡ್ಡಿನವರೆಗೂ ಹೋಯಿತು. ಹುಡುಗಿಯ ತಾಯಿ ಮೈಮೇಲಿನ ಸಿಮೆಂಟಿನ ಧೂಳನ್ನೂ ಕೊಡವದೆ ಸಿಸ್ಟರ ಕೋಣೆಗೆ ಬಂದಳು. ನಾನೂ ಅಲ್ಲಿದ್ದೆ. ಕೆಲಸದ ಕಡೆ ಕಲಿತ ಕನ್ನಡದಲ್ಲೇ ಹೇಳಿದಳು:

“ಸಿಸ್ಟರಮ್ಮ, ಅವಳ ಕೂದಲಿಗೆ ಕತ್ತರಿ ಹಾಕೋದಾದ್ರೆ ನಾನು ಮಗೂನ ಬಿಡಿಸ್ಕೊಂಡು ಹೋಗ್ತೀನಿ. ಊರಲ್ಲಿ ನಮ್ಮಮ್ಮ ಅಷ್ಟು ವರ್ಷ ಬಾಚಿ ಬೆಳೆಸಿದ ಕೂದಲು ಅದು. ಪ್ರತಿ ಭಾನುವಾರ ಫೋನಲ್ಲಿ ಕೇಳ್ತಾಳೆ, ಎಲ್ಲಿಗೆ ಬಂತೇ ಅಂತ. ಇವಳು ಅಳತೆ ಹೇಳ್ತಾಳೆ. ಅವರಿಬ್ರಿಗೆ ಉಳಿದಿರೋದು ಅದೊಂದೇ ಮಾತು.”

“ಪಟ್ಟಿ ಬರ್ಲಿ, ನೋಡೋಣಮ್ಮ” ಎಂದರು ದೊಡ್ಡ ಸಿಸ್ಟರ್. ಪಟ್ಟಿಯಲ್ಲಿ ಯಾರ ಹೆಸರು ಬರುತ್ತದೆಂದು ಕೋಣೆಯಲ್ಲಿದ್ದ ಎಲ್ಲರೂ ತೀರ್ಮಾನಿಸಿ ಆಗಿತ್ತು. ಬೇರೆ ಶಾಲೆಗೆ ಹೋಗಬೇಕೆಂದರೆ ಆ ಮಗು ಹೆದ್ದಾರಿ ದಾಟಬೇಕು. ಬಿಟ್ಟರೆ ಓದು ಅಲ್ಲಿಗೇ ಮುಗಿಯಿತು ಎಂಬುದು ಸಿಸ್ಟರಿಗೂ ಗೊತ್ತಿತ್ತು.

ನಾನು ನಮೂನೆ ಹಿಡಿದು ಪರದೆಯ ಬಳಿ ಹೋದೆ. ಐವತ್ತಮ್ಮ ಬಾಚಣಿಗೆ ತೊಳೆಯುತ್ತಿದ್ದರು. ದನಿ ತಗ್ಗಿಸಿ ಕೇಳಿದೆ, “ಆ ಸೇತುವೆ ಹುಡುಗಿಗೆ ನಿಜವಾಗ್ಲೂ ಇದೆಯೇನಮ್ಮ? ಇಲ್ಲ ಅನ್ನೋದಾದ್ರೆ ಇಲ್ಲ ಅಂದ್ಬಿಡಿ, ಎಲ್ಲ ಸರಿಹೋಗುತ್ತೆ.”

“ಹೇಳ್ಬಹುದು ಸಾರ್” ಎಂದರು ಐವತ್ತಮ್ಮ. “ಇವತ್ತು ಇವಳಿಗಿಲ್ಲ ಅಂದ್ರೆ, ನಾಳೆ ಇನ್ನೊಬ್ಬಳಿಗೆ ಇದೆ ಅಂತ್ಲೂ ಹೇಳ್ಬೇಕಾಗುತ್ತೆ.” ಬೋಗುಣಿಯ ನೀರನ್ನು ಮೋರಿಗೆ ಚೆಲ್ಲಿ ಬಂದು ಕೈ ಒರೆಸಿಕೊಂಡರು. “ನಾನೂ ಇದೇ ಶಾಲೇಲಿ ಓದಿದವಳು, ಗೊತ್ತಾ? ಮೂರನೇ ಕ್ಲಾಸಿನ ತನಕ. ಆಗಿನ ಆಯಾ ನನ್ನ ತಲೇಲಿ ಹೇನು ಹಿಡಿದು ಎಲ್ರಿಗೂ ತೋರಿಸಿದ್ಲು. ಮನೇಲಿ ತಲೆ ಬೋಳಿಸಿದ್ರು. ಕೂದಲು ಆರು ತಿಂಗಳಲ್ಲಿ ವಾಪಸ್ ಬಂತು ಸಾರ್. ಆದ್ರೆ ಬೋಡಿ ಅಂತ ಇಟ್ಟ ಹೆಸರು ಮದುವೆ ಆಗೋತನಕ ಹೋಗ್ಲಿಲ್ಲ. ನಮ್ಮ ಯಜಮಾನ್ರು ಹೆಣ್ಣು ನೋಡೋಕೆ ಬಂದಾಗ ಬೀದಿಯಲ್ಲಿ ದಾರಿ ಕೇಳಿದ್ರೆ, ಯಾರು, ಬೋಡಿ ಮನೇನಾ ಅಂದ್ರಂತೆ. ಪಾಪ, ಒಳಗೆ ಬಂದವರು ಮೊದಲು ನೋಡಿದ್ದೇ ನನ್ನ ಜಡೆನ.”

ಹೇಳುತ್ತ ನಕ್ಕರು. ನನಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು.

“ಕೊಡಿ ಸಾರ್ ನಿಮ್ಮ ಕಾಗದ. ಶುಕ್ರವಾರ ತುಂಬಿಸಿ ಕೊಡ್ತೀನಿ.”

ಶುಕ್ರವಾರ ಪಟ್ಟಿ ಬಂತು. ಇನ್ನೂರ ಹನ್ನೆರಡು ಮಕ್ಕಳು. ಇನ್ನೂರ ಹನ್ನೆರಡು ಹೆಸರುಗಳ ಮುಂದೂ ದುಂಡಗಿನ ಅಕ್ಷರದಲ್ಲಿ ‘ಇದೆ’. ಧರ್ಮದ ಕಾಲಮ್ಮೂ ಮನೆಮಾತಿನ ಕಾಲಮ್ಮೂ ಖಾಲಿ. ಕೊನೆಯಲ್ಲಿ ಇನ್ನೂ ಮೂರು ಹೆಸರು ಸೇರಿಸಿದ್ದರು: ದೊಡ್ಡ ಸಿಸ್ಟರ್, ಡಾಕ್ಟರ ಹೆಂಡತಿ, ಸಮಿತಿಯ ಅಧ್ಯಕ್ಷರು. ಈ ಮೂವರ ಎದುರು ಷರಾ ಕಾಲಮ್ಮಿನಲ್ಲಿ, ‘ಇನ್ನೂ ನೋಡಿಲ್ಲ. ಮಂಗಳವಾರ ಎರಡನೇ ಕ್ಲಾಸಿನ ಜೊತೆ ಬರಲಿ.’ ಆ ಕಾಲಮ್ಮು ಕೊನೆಗೂ ಉಪಯೋಗಕ್ಕೆ ಬಂತು.

ಡಾಕ್ಟರ ಹೆಂಡತಿ ಪಟ್ಟಿಯನ್ನು ಮೇಜಿಗೆ ಬಡಿದರು. “ಇದು ಶುದ್ಧ ಸುಳ್ಳು! ನನ್ನ ಮಗಳಿಗೆ ಹೇನಾ? ನಮ್ಮ ಮನೇಲಿ ಡಾಕ್ಟರಿದ್ದಾರೆ!”

“ಅದಕ್ಕೇ ಅಮ್ಮ, ನಾನು ಯಾವತ್ತೂ ಯಾರಿಗೂ ಏನೂ ಹೇಳಿಲ್ಲ” ಎಂದರು ಐವತ್ತಮ್ಮ, ಬಹಳ ಮೃದುವಾಗಿ. ಡಾಕ್ಟರ ಹೆಂಡತಿಯ ಮುಖದ ಬಣ್ಣ ಬದಲಾಯಿತು. ಅವರು ಪಟ್ಟಿಯನ್ನು ತಾವೇ ಮಡಚಿಟ್ಟು ನೀರು ಕುಡಿದರು. ಅವರ ಮನೆಗೆ ಎಷ್ಟು ಕರವಸ್ತ್ರ ಬಂದಿದ್ದವೋ ನನಗೆ ತಿಳಿಯದು.

ದೊಡ್ಡ ಸಿಸ್ಟರ್ ಪಟ್ಟಿಯನ್ನು ಮತ್ತೆ ಬಿಡಿಸಿ ಕೊನೆಯ ಮೂರು ಹೆಸರು ಓದಿದರು. ಆಯಾಳನ್ನು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡೆ. ಕೊನೆಗೆ ಅವರು ಕನ್ನಡಕ ತೆಗೆದು ಕೇಳಿದರು, “ನಾನೂ ಬರಬೇಕಾ?”

“ಸಿಸ್ಟರ್, ಮಕ್ಕಳು ನೋಡ್ತಿರ್ತವೆ.”

ಮಂಗಳವಾರ ಎರಡನೇ ತರಗತಿ ಸಾಲು ನಿಂತಿತು. ಸೇತುವೆ ಹುಡುಗಿ ಎಂದಿನಂತೆ ಕೊನೆಯಲ್ಲಿ, ಅವಳ ಮುಂದೆ ಎರಡು ಮಕ್ಕಳು ನಿಲ್ಲುವಷ್ಟು ಜಾಗ ಖಾಲಿ. ಅವಳ ತಾಯಿ ಕಂಬದ ಪಕ್ಕದಲ್ಲಿ, ಶಾಲೆ ಬಿಡಿಸುವ ಅರ್ಜಿ ಬರೆಸಿಕೊಂಡು ಬಂದಿದ್ದಳು. ದೊಡ್ಡ ಸಿಸ್ಟರ್ ಬಂದವರೇ ನೆಟ್ಟಗೆ ಆ ಖಾಲಿ ಜಾಗಕ್ಕೆ ಹೋಗಿ ನಿಂತರು. ಸರದಿ ಬರುವವರೆಗೂ ನಿಂತರು. ಆಮೇಲೆ ಪರದೆಯ ಹಿಂದೆ ಹೋದರು. ಪರದೆಯ ಮೇಲಿನ ಕೊಕ್ಕೆಗೆ ಅವರ ತಲೆಯ ಬಿಳಿ ಬಟ್ಟೆ ಬಂದು ತೂಗಿದ್ದು ಎಲ್ಲರಿಗೂ ಕಂಡಿತು. “ಒಂದು, ಎರಡು...” ಇಪ್ಪತ್ತರ ಹೊತ್ತಿಗೆ ಮಕ್ಕಳೂ ದನಿ ಸೇರಿಸಿದರು. ಐವತ್ತು ಎನ್ನುವಾಗ ಚಪ್ಪಾಳೆಯೂ ಬಿತ್ತು.

ಸಿಸ್ಟರ್ ಹೊರಬಂದಾಗ ಅವರ ಕಿವಿಯ ಹಿಂದಿನಿಂದ ಘಮ್ಮೆಂದು ಅದೇ ಎಣ್ಣೆಯ ವಾಸನೆ.

ಮುಂದೆ ಆ ಹುಡುಗಿ. ಒಂದೊಂದು ಜಡೆಯನ್ನೂ ಬಿಚ್ಚಿ, ಐವತ್ತು. ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಎಣಿಕೆ ಮುಗಿದಾಗ ಅವಳ ತಾಯಿ ಕೈಯಲ್ಲಿದ್ದ ಅರ್ಜಿಯನ್ನು ನಾಲ್ಕಾಗಿ ಮಡಚಿ, ಮತ್ತೂ ಮಡಚಿ, ಇನ್ನು ಮಡಚಲಾಗದಷ್ಟು ಚಿಕ್ಕದು ಮಾಡಿ ಚೀಲಕ್ಕೆ ಹಾಕಿಕೊಂಡಳು. ಡಾಕ್ಟರ ಹೆಂಡತಿ ತಮ್ಮ ಸರದಿ ಮುಗಿಸಿ ಹೊರಬಂದು, ಯಾರನ್ನೂ ನೋಡದೆ ಮಗಳಿಗೆ ಹೇಳಿದರು, “ಹೋಗೇ, ಆ ಹಿಂದಿನ ಬೆಂಚಲ್ಲಿ ಜಾಗ ಇದೆ, ಕೂತ್ಕೋ.” ಮಗಳು ಹೋದಳು. ತಾಯಿ ಹೇಳಲಿ ಎಂದೇ ಕಾದಿದ್ದಳೋ ಏನೋ, ಓಡಿಯೇ ಹೋದಳು.

ಕೊನೆಗೆ ನಾನು. ನನ್ನ ತಲೆಯ ಬಗ್ಗೆ ಇಲ್ಲಿಯವರೆಗೆ ಹೇಳಿಲ್ಲ, ಹೇಳುವಂಥದ್ದು ಅಲ್ಲೇನೂ ಉಳಿದಿಲ್ಲ. ಕಿವಿಗಳ ಮೇಲೆ ಒಂದಿಷ್ಟು ಅಂಚು ಬಿಟ್ಟರೆ ಉಳಿದದ್ದೆಲ್ಲ ಬಯಲು. ಸ್ಟೂಲಿನ ಮೇಲೆ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತೆ. ಬಾಚಣಿಗೆ ಬೋಳು ನೆತ್ತಿಯ ಮೇಲೆ ಗೀರಿಕೊಂಡು ಹೋಯಿತು. ಹದಿನಾಲ್ಕಕ್ಕೆ ಕಣ್ಣಲ್ಲಿ ನೀರು ಬಂತು.

“ಸಾಕು ಬಿಡಿಯಮ್ಮ” ಎಂದೆ ಪಿಸುದನಿಯಲ್ಲಿ. “ಅಲ್ಲಿ ಏನಿದೆ ಅಂತ ಬಾಚ್ತೀರಿ?”

“ಸುಮ್ನೆ ಕೂತ್ಕೊಳ್ಳಿ ಸಾರ್” ಎಂದರು ಐವತ್ತಮ್ಮ, ಅಷ್ಟೇ ಮೆಲ್ಲಗೆ. “ನಿಮ್ಮನ್ನ ಬೇಗ ಬಿಟ್ರೆ ಆಚೆ ನಿಂತಿರೋರು ಏನಂದ್ಕೊಳ್ತಾರೆ?” ಆಮೇಲೆ ಶಾಲೆಗೆಲ್ಲ ಕೇಳುವಂತೆ, “ಹದಿನೈದು!”

ಅಂದು ಸಂಜೆ ನಮ್ಮ ಮನೆಗೆ ನಾಲ್ಕನೇ ಕರವಸ್ತ್ರ ಬಂತು.